ಹಸಿರು ದೀಪ ಎಲ್ಲಿತ್ತು?

ಪ್ರಿಯ ಓದುಗರೇ,

ಎಂಟು ವರ್ಷದಿಂದ ಕೈಪಿಡಿ ಬರೆಯುತ್ತಿದ್ದೀರಿ. ಈಗ ಬಡ್ತಿಗೆ ತಾಂತ್ರಿಕ ಬರವಣಿಗೆಯ ಸರ್ಟಿಫಿಕೇಟ್ ಬೇಕು ಅಂದಿದ್ದಾರೆ. ಅದು ನಿಮ್ಮ ಕೆಲಸವನ್ನು ಅಳೆಯುತ್ತದಾ ಎಂದು ಕೇಳಿದ್ದೀರಿ. ಇಷ್ಟು ಚೊಕ್ಕವಾಗಿ ಪತ್ರ ಬರೆಯುವವರು ತಮ್ಮ ಮೇಲೆಯೇ ಅನುಮಾನ ಪಟ್ಟದ್ದು ನೋಡಿ ಬೇಸರವಾಯಿತು.

ಬೇರೆ ಕೆಲಸದಿಂದ ಈ ಕಡೆ ಬರುವವರಿಗೆ ಸರ್ಟಿಫಿಕೇಟ್ ಒಳ್ಳೆಯ ಮೆಟ್ಟಿಲು. ಒಪ್ಪುತ್ತೇನೆ. ಅಮೆರಿಕದ ತಾಂತ್ರಿಕ ಬರಹಗಾರರ ಸಂಘ, ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಷನ್, 2011ರಲ್ಲಿ ಇಂಥ ಸರ್ಟಿಫಿಕೇಟ್ ಶುರು ಮಾಡಿದಾಗ ಬರಹಗಾರರ ಕೆಲಸದ ಮಾದರಿಗಳನ್ನೇ ತರಿಸಿಕೊಂಡು ನೋಡುತ್ತಿತ್ತು. ಅದು ಸರಿಯಾದ ದಾರಿ. ಆಮೇಲೆ ಮೊದಲ ಹಂತಕ್ಕೆ ಪರೀಕ್ಷೆ ಬಂತು. 2025ರ ಜನವರಿಯಲ್ಲಿ ಸಂಸ್ಥೆಯೇ ಬಾಗಿಲು ಹಾಕಿತು. ಅವತ್ತು ಯಾರ ಬರವಣಿಗೆಯೂ ಕೆಡಲಿಲ್ಲ, ಅಲ್ವಾ?

ವಿಮಾನ ರಿಪೇರಿಯ ಕೈಪಿಡಿಗಳಿಗೆಂದು ರೂಪಿಸಿದ ಸರಳ ಇಂಗ್ಲಿಷಿನಲ್ಲಿ ಒಂದು ನಿಯಮವಿದೆ: ಸೂಚನೆಯ ವಾಕ್ಯ 20 ಪದ ದಾಟಬಾರದು. ಇದನ್ನು ಪರೀಕ್ಷೆಯಲ್ಲಿ ಕೇಳಬಹುದು, ಬಾಯಿಪಾಠವನ್ನೂ ಮಾಡಬಹುದು. ಓದುವವರ ಕೈ ಆ ಕ್ಷಣದಲ್ಲಿ ಎಲ್ಲಿರುತ್ತದೆ ಅನ್ನುವುದನ್ನು ಹೇಗೆ ಬಾಯಿಪಾಠ ಮಾಡುತ್ತೀರಿ?

ನಾನೊಮ್ಮೆ ಹನ್ನೆರಡು ಹಂತದ ಸೂಚನೆ ಬರೆದಿದ್ದೆ. ಮೂವರು ಹಿರಿಯರು ಸಹಿ ಹಾಕಿದರು. ಆ ಯಂತ್ರವನ್ನು ಮೊದಲ ಸಲ ಮುಟ್ಟಿದ ಹುಡುಗಿ ಐದನೇ ಹಂತದಲ್ಲೇ ನಿಂತುಬಿಟ್ಟಳು. ‘ಹಸಿರು ದೀಪ ಬರುವವರೆಗೆ ಕಾಯಿರಿ’ ಎಂದು ಬರೆದಿದ್ದೆ. ದೀಪ ಇದ್ದದ್ದು ಯಂತ್ರದ ಹಿಂಬದಿಯಲ್ಲಿ.

ಅಲ್ಲಿ ಹೋದದ್ದು ಹತ್ತು ನಿಮಿಷ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ ಕಥೆ ಹಾಗಲ್ಲ. 1985ರಿಂದ 1987ರ ನಡುವೆ ಅದು ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ದೋಷ ಸಾಫ್ಟ್‌ವೇರ್‌ನಲ್ಲಿತ್ತು, ನಿಜ. ಆದರೆ ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದು ಬಂದಾಗ ಆಪರೇಟರ್ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ಆಪರೇಟರ್ ಮುಂದುವರಿಸುವ ಕೀಲಿ ಒತ್ತಿದರು. ರೋಗಿಗೆ ಇನ್ನೊಮ್ಮೆ ವಿಕಿರಣ ತಗುಲಿತು.

ನನಗೆ ಸಿಟ್ಟು ಬರುವುದು ಇಲ್ಲಿ. ಬರಹಗಾರರನ್ನು ಕರೆಯುವುದು ಕೊನೆಯ ವಾರ. ಯಂತ್ರ ಮುಟ್ಟಲು ಬಿಡುವುದಿಲ್ಲ. ಎಂಜಿನಿಯರ್ ಬಳಿ ಅರ್ಧ ಗಂಟೆ ಸಿಗುವುದಿಲ್ಲ. ಪರಿಶೀಲನೆ ಅಂದರೆ ಅಲ್ಪವಿರಾಮ ತಿದ್ದುವುದು. ಇಷ್ಟೆಲ್ಲಾ ಆದ ಮೇಲೆ, ನಿಮಗೆ ಕೆಲಸ ಬರುತ್ತದೆ ಅನ್ನುವುದಕ್ಕೆ ಕಾಗದ ತನ್ನಿ ಅಂತಾರೆ!

ನಿಮ್ಮ ಮೇಲೂ ಒಂದು ತಕರಾರಿದೆ. ಎಂಟು ವರ್ಷದಲ್ಲಿ ಒಬ್ಬರಾದರೂ ನಿಮ್ಮ ಕೈಪಿಡಿ ಹಿಡಿದು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಈ ವಾರ ಹೊಸಬರೊಬ್ಬರನ್ನು ಕೂರಿಸಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತರು, ಯಾವ ಪುಟಕ್ಕೆ ಹಿಂದಿರುಗಿದರು ಅಂತ ಬರೆದಿಟ್ಟುಕೊಳ್ಳಿ. ತಿದ್ದಿ, ಇನ್ನೊಬ್ಬರನ್ನು ಕೂರಿಸಿ. ಆ ಎರಡು ಹಾಳೆಗಳನ್ನು ಬಡ್ತಿಯ ಅರ್ಜಿಗೆ ಲಗತ್ತಿಸಿ. ನನಗೂ ಒಂದು ಪ್ರತಿ ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ