ಊರಿನ ಲೈಬ್ರರಿಗೆ ಮುಂದಿನ ಹತ್ತು ವರ್ಷ

ಪ್ರಶ್ನೆ: ಮೇಡಂ, ನಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಯ ಸಮಿತಿಯಲ್ಲಿ ನಾನೂ ಒಬ್ಬ. ಹತ್ತು ವರ್ಷಕ್ಕೆ ಒಂದು ಯೋಜನೆ ಬರೆಯೋಣ ಎಂದು ಕೂತರೆ ಮಾತು ಹೊಸ ಕಟ್ಟಡ, ಕಂಪ್ಯೂಟರ್ ಬಿಟ್ಟು ಮುಂದಕ್ಕೆ ಹೋಗುವುದೇ ಇಲ್ಲ. ಇಷ್ಟು ಸಣ್ಣ ಲೈಬ್ರರಿಗೆ ಅಷ್ಟು ದೂರದ ಯೋಜನೆ ಬೇಕಾ? ಬೇಕು ಅಂದರೆ ಎಲ್ಲಿಂದ ಶುರು ಮಾಡೋಣ?
– ಒಬ್ಬ ಓದುಗರು, ಗುಬ್ಬಿ ತಾಲ್ಲೂಕು

ಉತ್ತರ: ಖಂಡಿತ ಬೇಕು. ಪಂಚಾಯಿತಿಯ ಅವಧಿ 5 ವರ್ಷ. ಅಧ್ಯಕ್ಷರು ಬದಲಾಗುತ್ತಾರೆ, ಪಿಡಿಒಗೆ ವರ್ಗವಾಗುತ್ತದೆ. ಬರೆದಿಟ್ಟದ್ದು ಏನೂ ಇಲ್ಲದಿದ್ದರೆ ಪ್ರತಿ ಸಲವೂ ಮೊದಲಿಂದ ಶುರು. 2019ರಲ್ಲಿ ಹಳ್ಳಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಹಾಗಾಗಿ ಈಗ ಊರಿನವರ ಮಾತಿಗೆ ಮೊದಲಿಗಿಂತ ಜಾಸ್ತಿ ಬೆಲೆ ಇದೆ.

ಕಟ್ಟಡದ ಮಾತು ಸ್ವಲ್ಪ ಬದಿಗಿಡಿ. ಪುಸ್ತಕ ಕೊಡುವ ರಿಜಿಸ್ಟರ್ ತೆಗೆಸಿ. ನನ್ನ ನೌಕರಿಯೆಲ್ಲ ತುಮಕೂರು ಜಿಲ್ಲೆಯ ಲೈಬ್ರರಿಗಳಲ್ಲೇ ಕಳೆಯಿತು. ಯಾವ ಊರಿಗೆ ಹೋದರೂ ನಾನು ಮೊದಲು ನೋಡುತ್ತಿದ್ದದ್ದು ಪುಸ್ತಕದ ಒಳಗೆ ಅಂಟಿಸಿರುವ ತಾರೀಖಿನ ಚೀಟಿ. ಮಕ್ಕಳ ಕತೆ ಪುಸ್ತಕದಲ್ಲಿ ಇನ್ನೊಂದು ಸೀಲು ಒತ್ತಲು ಜಾಗ ಇರುತ್ತಿರಲಿಲ್ಲ. ರಟ್ಟು ಕಿತ್ತು ಹೊಲಿಗೆಯ ದಾರ ಆಚೆ ಬಂದಿರುತ್ತಿತ್ತು. ಪಕ್ಕದ ಬೀರುವಿನಲ್ಲಿ ದಪ್ಪ ದಪ್ಪ ಸಂಪುಟಗಳು, ಚೀಟಿ ಖಾಲಿ. ಏನು ಕೊಳ್ಳಬೇಕು, ಯಾವುದಕ್ಕೆ ಬೈಂಡಿಂಗ್ ಮಾಡಿಸಬೇಕು ಎಂದು ಆ ಚೀಟಿಗಳೇ ಹೇಳುತ್ತವೆ.

ರಿಜಿಸ್ಟರಿನಲ್ಲಿ ಸಿಗುವುದು ಬರುವವರ ಲೆಕ್ಕ ಮಾತ್ರ. ಬಾರದವರನ್ನು ಅವರಿರುವ ಕಡೆಯೇ ಹೋಗಿ ಕೇಳಬೇಕು. ಸಂಜೆ ಬಸ್ಸಿಗೆ ತುಮಕೂರಿನಿಂದ ವಾಪಸ್ ಬರುವ ಕಾಲೇಜು ಹುಡುಗಿಯರನ್ನು ಕೇಳಿ. ಅವರು ಊರು ಸೇರುವ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿದ್ದರೆ ಕಂಪ್ಯೂಟರ್ ಇಟ್ಟು ಏನು ಬಂತು? ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರಿಗೆ ಯಾವ ಹೊತ್ತು ಬಿಡುವು ಎಂದು ಕೇಳಿ. ಸಮಯ ಬದಲಿಸುವುದಕ್ಕೆ ಕಟ್ಟಡದಷ್ಟು ದುಡ್ಡು ಬೇಕಿಲ್ಲ. ಆದರೆ ಮೇಲ್ವಿಚಾರಕರ ಕೆಲಸದ ಹೊತ್ತು, ಸಂಬಳ ಎರಡನ್ನೂ ನೋಡಿಕೊಂಡೇ ಬದಲಿಸಿ. ಅವರ ಮೇಲೆ ಸುಮ್ನೆ ಹೊರಿಸಿದರೆ ನಡೆಯುವುದಿಲ್ಲ, ಅದು ನ್ಯಾಯವೂ ಅಲ್ಲ.

ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳ ಸಂಘ 1980ರಲ್ಲಿ ಹಿಡಿದ ದಾರಿಯೂ ಇದೇ. ದೇಶಕ್ಕೆಲ್ಲ ಒಂದೇ ಅಳತೆ ಬೇಡ, ಪ್ರತಿ ಊರೂ ತನ್ನ ಜನರನ್ನು ನೋಡಿ ತನ್ನ ಗುರಿ ಬರೆದುಕೊಳ್ಳಲಿ ಎಂದರು. ಎಲ್ಲವನ್ನೂ ಮಾಡಲು ಹೋಗದೆ ಎರಡು ಮೂರು ಕೆಲಸ ಆರಿಸಿಕೊಳ್ಳಿ.

ಆರಿಸುವಾಗ ಇವತ್ತಿನ ಊರನ್ನಷ್ಟೇ ನೋಡಬೇಡಿ. ಈಗ ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಕೇಳಿ. ಹತ್ತು ವರ್ಷದ ಮೇಲೆ ಹೈಸ್ಕೂಲಿಗೆ ಹೋಗುವವರು ಅವರೇ ತಾನೆ? ನಮ್ಮ ರಾಜ್ಯದಲ್ಲಿ ಹುಟ್ಟುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ವಯಸ್ಸಾದವರು ಹೆಚ್ಚುತ್ತಿದ್ದಾರೆ. ದೊಡ್ಡಕ್ಷರದ ಪುಸ್ತಕ, ಬೆನ್ನಿಗೆ ಆಸರೆ ಇರುವ ಕುರ್ಚಿ, ಮೆಟ್ಟಿಲ ಪಕ್ಕ ಒಂದು ಇಳಿಜಾರು, ಇವೆಲ್ಲ ಈಗಲೇ ಯೋಜನೆಯಲ್ಲಿ ಇರಬೇಕು. ಕಟ್ಟಡ ನಿಜಕ್ಕೂ ಬೇಕಾ, ಎಷ್ಟು ದೊಡ್ಡದು ಬೇಕು ಎಂಬುದೂ ಆಗ ತಾನಾಗಿ ಗೊತ್ತಾಗುತ್ತದೆ.

ಇನ್ನು ದುಡ್ಡು. ಮನೆ ಕಂದಾಯದ ಜೊತೆ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಕರದ ಈ ಪದ್ಧತಿ ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ನಿಮ್ಮ ಪಂಚಾಯಿತಿಯಲ್ಲಿ ಇದು ಎಷ್ಟು ವಸೂಲಾಗಿದೆ, ಎಷ್ಟು ಬಾಕಿ ಇದೆ, ಎಷ್ಟು ಲೈಬ್ರರಿಗೇ ಖರ್ಚಾಗಿದೆ ಎಂದು ಲಿಖಿತವಾಗಿ ಕೇಳಿ. ಕಟ್ಟಡಕ್ಕೆ ಒಂದು ಸಲ ಅನುದಾನ ತರಬಹುದು. ಪೇಪರ್ ಬಿಲ್ಲು, ಕರೆಂಟು, ಇಂಟರ್ನೆಟ್, ಬೈಂಡಿಂಗ್ ಪ್ರತಿ ವರ್ಷದ ಖರ್ಚು. ನನ್ನ ಪ್ರಕಾರ ಕರದ ದುಡ್ಡು ಮೊದಲು ಹೋಗಬೇಕಾದದ್ದು ಇದಕ್ಕೇ.

ಯೋಜನೆ ನಾಲ್ಕು ಪುಟ ಮೀರದಿರಲಿ. ಯಾವ ಕೆಲಸ, ಯಾವ ವರ್ಷ, ಯಾವ ಲೆಕ್ಕದ ದುಡ್ಡು ಎಂದು ಬರೆದು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಸೇರಿಸಿ. ಪಂಚಾಯಿತಿಯ ವಾರ್ಷಿಕ ಯೋಜನೆ ತಯಾರಾಗುವ ಮೊದಲೇ ಇದಾಗಬೇಕು. ತಡವಾದರೆ ಆ ವರ್ಷಕ್ಕೆ ದುಡ್ಡು ಸಿಗುವುದು ಕಷ್ಟ.