ಮ್ಯೂನಿಕ್‌ನಿಂದ ವೆನಿಸ್‌ಗೆ ಟೋಲ್ ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆ ಹತ್ತಿರ ಬಂದರೆ ಸಾಕು, ಯೂರೋಪಿನ ಟೋಲ್ ಬಗ್ಗೆ ಅದೇ ನಾಲ್ಕೈದು ಪ್ರಶ್ನೆಗಳು ಮತ್ತೆ ಬರುತ್ತವೆ. ಜೊತೆಗೆ ಯಾರೋ ವಿಡಿಯೋದಲ್ಲಿ ಹೇಳಿದ ತಪ್ಪು ಸಲಹೆಗಳೂ ಬರುತ್ತವೆ. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಬೆಂಗಳೂರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಮ್ಯೂನಿಕ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಆಸ್ಟ್ರಿಯಾ-ಇಟಲಿ ಗಡಿಯ ಬ್ರೆನ್ನರ್ ಘಾಟಿ ದಾಟಿ ವೆನಿಸ್‌ಗೆ ಹೋಗಿ, ಒಂದು ವಾರದೊಳಗೆ ವಾಪಸ್ ಬರುತ್ತೇವೆ. ಟೋಲ್ ಎಷ್ಟಾಗುತ್ತದೆ? ಆಸ್ಟ್ರಿಯಾದಲ್ಲಿ ಇರೋದು ಒಂದೂವರೆ ಗಂಟೆ, ಅಲ್ಲಿನ ಹೈವೇ ಪಾಸ್, ಅಂದರೆ ವಿನ್ಯೆಟ್, ಬೇಕೇ ಬೇಕಾ?

ಬೇಕೇ ಬೇಕು. ಬೇಡ ಎಂದವರು ನಿಮ್ಮ ದಂಡ ಕಟ್ಟಲು ಬರೋದಿಲ್ಲ.

ವಿನ್ಯೆಟ್ ಬೇಡ ಎಂಬ ಈ ತಪ್ಪು ಸಲಹೆ ಹುಟ್ಟಿದ್ದು ಎರಡು ಅರ್ಧ ಸತ್ಯಗಳಿಂದ. ಜರ್ಮನಿಯ ಗಡಿಯಿಂದ ಕುಫ್‌ಸ್ಟೈನ್ ಝೂಡ್ ಎಕ್ಸಿಟ್‌ವರೆಗೆ ವಿನ್ಯೆಟ್ ಬೇಡ, ನಿಜ. ಇನ್ಸ್‌ಬ್ರುಕ್ ಆದ ಮೇಲೆ ಬ್ರೆನ್ನರ್‌ಗೆ ಹತ್ತುವ ಎ13 ರಸ್ತೆಗೂ ಬೇಡ, ಅಲ್ಲಿ ಟೋಲ್ ಬೇರೆ. ಆದರೆ ನಡುವೆ ಸುಮಾರು 70 ಕಿಲೋಮೀಟರ್ ಎ12 ಹೈವೇ ಇದೆಯಲ್ಲ, ಅದನ್ನು ಹಾರಿಕೊಂಡು ಹೋಗ್ತೀರಾ? ಅಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಸಿಕ್ಕಿಬಿದ್ದರೆ ದಂಡ ಯೂರೋದಲ್ಲಿ ಮೂರಂಕಿ. ಕಾರು ಬಾಡಿಗೆಯದ್ದಾದರೆ ನಿಮ್ಮ ಹೆಸರು, ವಿಳಾಸ ಕೊಟ್ಟಿದ್ದಕ್ಕೆ ಆ ಕಂಪನಿಯವರೂ ಒಂದಿಷ್ಟು ಶುಲ್ಕ ಕಿತ್ತುಕೊಳ್ಳುತ್ತಾರೆ.

ಈಗ ಲೆಕ್ಕ. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾದ 10 ದಿನದ ವಿನ್ಯೆಟ್ 2025ರಲ್ಲಿ 12.40 ಯೂರೋ ಇತ್ತು. 1 ದಿನದ್ದು 9.30. ನೀವು ಒಂದು ವಾರದೊಳಗೆ ವಾಪಸ್ ಬರೋದರಿಂದ 10 ದಿನದ್ದೇ ಲಾಭ. ಬ್ರೆನ್ನರ್ ಟೋಲ್ ಒಂದು ಸಲಕ್ಕೆ ಸುಮಾರು 12 ಯೂರೋ. ಇಟಲಿಯಲ್ಲಿ ಓಡಿದಷ್ಟು ದೂರಕ್ಕೆ ದುಡ್ಡು. ವೆನಿಸ್‌ವರೆಗೆ 30 ಯೂರೋ ಆಸುಪಾಸು ಇಟ್ಟುಕೊಳ್ಳಿ. ಹೋಗಿ ಬರಲು ಒಟ್ಟು 100 ಯೂರೋ ತೆಗೆದಿಡಿ, ಸಾಕು. ನೋಡಿ, ಜನ ಉಳಿಸೋಕೆ ಒದ್ದಾಡುವ ವಿನ್ಯೆಟ್ಟೇ ಇದರಲ್ಲಿ ಎಲ್ಲಕ್ಕಿಂತ ಅಗ್ಗ!

ವಿನ್ಯೆಟ್ಟನ್ನು ಆಸ್ಟ್ರಿಯಾದ ಹೈವೇ ಸಂಸ್ಥೆ ಅಸ್ಫಿನಾಗ್‌ನ ಸೈಟಿನಲ್ಲೇ ಕೊಳ್ಳಿ, ಇಲ್ಲವೇ ಗಡಿಗೆ ಮುಂಚೆ ಪೆಟ್ರೋಲ್ ಬಂಕ್‌ನಲ್ಲಿ. ಹುಡುಕಿದಾಗ ಮೊದಲು ಕಾಣುವ ಜಾಹೀರಾತಿನ ಸೈಟುಗಳು ಅದೇ ವಿನ್ಯೆಟ್ಟಿಗೆ ತಮ್ಮ ಕಮಿಷನ್ ಸೇರಿಸಿ ಮಾರುತ್ತವೆ. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ. ಡಿಜಿಟಲ್ ವಿನ್ಯೆಟ್ ನಂಬರ್ ಪ್ಲೇಟಿಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಕಾರಿನ ಕೀ ಕೈಗೆ ಬರುವ ಮುಂಚೆ ಕೊಳ್ಳಬೇಡಿ. ಓ ಅಕ್ಷರವೋ ಸೊನ್ನೆಯೋ ಎಂದು ಎರಡು ಸಲ ನೋಡಿ. ನಾನು ಇವತ್ತಿಗೂ ಪಕ್ಕದಲ್ಲಿ ಕೂತವರಿಂದ ಜೋರಾಗಿ ಓದಿಸಿಕೊಂಡೇ ಹಣ ಕಟ್ಟುತ್ತೇನೆ.

ಟೋಲ್ ತಪ್ಪಿಸಲು ಕೆಳಗಿನ ಹಳ್ಳಿ ರಸ್ತೆ ಹಿಡಿಯೋಣ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಹಾದುಹೋಗುವ ಕಾರುಗಳ ಕಾಟ ತಡೆಯಲಾಗದೆ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯ 2019ರಿಂದ ರಜಾಕಾಲದ ವಾರಾಂತ್ಯಗಳಲ್ಲಿ ಹೈವೇ ಬಿಟ್ಟು ಇಳಿಯುವುದನ್ನೇ ಹಲವು ಕಡೆ ನಿಷೇಧಿಸುತ್ತಿದೆ. ಅಲ್ಲಿಯ ಜನರಿಗೂ ಮನೆ ಮುಂದೆ ರಸ್ತೆ ದಾಟಬೇಕು, ಅಲ್ವಾ?

ಇಟಲಿಗೆ ಬಂದ ಮೇಲೆ ಟಿಕೆಟ್ ಜೋಪಾನ. ಬ್ರೆನ್ನರ್ ಇಳಿದು ವಿಪಿತೆನೊ ಟೋಲ್ ಗೇಟಿನಲ್ಲಿ ತೆಗೆದುಕೊಂಡ ಟಿಕೆಟ್ಟೇ, ವೆರೋನಾದಲ್ಲಿ ರಸ್ತೆ ಬದಲಾದರೂ, ವೆನಿಸ್ ಹತ್ತಿರ ಹೊರಬರುವವರೆಗೆ ನಡೆಯುತ್ತದೆ. ಕಳೆದುಕೊಂಡರೆ ಅತಿ ದೂರದ ಗೇಟಿನಿಂದ ಬಂದಂತೆ ಲೆಕ್ಕ ಹಾಕುತ್ತಾರೆ. ಫಾಸ್ಟ್ಯಾಗ್ ಥರದ ಟ್ಯಾಗ್ ಇದ್ದವರ ಹಳದಿ ಟೆಲಿಪಾಸ್ ಲೇನಿಗೆ ಹೋಗಬೇಡಿ. ತಪ್ಪಿ ಹೋದರೂ ಯಾವ ಕಾರಣಕ್ಕೂ ರಿವರ್ಸ್ ಹಾಕಬೇಡಿ. ಹಿಂದೆ ವೇಗವಾಗಿ ಬರುವ ಕಾರು ನಿಮಗಾಗಿ ನಿಲ್ಲೋದಿಲ್ಲ. ಸಹಾಯದ ಬಟನ್ ಒತ್ತಿ, ಚೀಟಿ ಪಡೆಯಿರಿ, 15 ದಿನದೊಳಗೆ ಕಟ್ಟಿ.

ಸ್ವಿಟ್ಜರ್ಲೆಂಡ್‌ನಲ್ಲಿ ಎರಡೇ ದಿನ ಇರ್ತೀವಿ. ಕಡಿಮೆ ಬೆಲೆಯ ವಿನ್ಯೆಟ್ ಇಲ್ವಾ?

ಇಲ್ಲ. ವರ್ಷದ್ದೊಂದೇ, 40 ಫ್ರಾಂಕ್.

ನಮ್ಮ ಫಾಸ್ಟ್ಯಾಗ್ ಥರ ಇಡೀ ಯೂರೋಪಿಗೆ ಒಂದೇ ಟ್ಯಾಗ್ ಸಿಗುತ್ತಾ?

ಇಡೀ ಯೂರೋಪಿಗೆ ಇಲ್ಲ. ಒಂದು ವಾರದ ಪ್ರವಾಸಕ್ಕೆ ಬೇಕಾಗಿಯೂ ಇಲ್ಲ.

ಜರ್ಮನಿಯೂ ಕಾರುಗಳಿಗೆ ಟೋಲ್ ಹಾಕುತ್ತಂತೆ, ಹೌದಾ?

ಹಳೇ ಸುದ್ದಿ. ಆ ಯೋಜನೆ ವಿದೇಶಿಯರಿಗೆ ತಾರತಮ್ಯ ಮಾಡುತ್ತದೆ ಎಂದು ಯೂರೋಪಿನ ನ್ಯಾಯಾಲಯ 2019ರ ಜೂನ್‌ನಲ್ಲೇ ಹೇಳಿತು.

ಪ್ಯಾರಿಸ್‌ನಿಂದ ನಾರ್ಮಂಡಿಗೆ ಹೋದೆವು. ಎ13 ರಸ್ತೆಯಲ್ಲಿ ಎಲ್ಲೂ ಟೋಲ್ ಗೇಟೇ ಇರಲಿಲ್ಲ. ಪುಕ್ಕಟೆ ತಾನೇ?

ಅಲ್ಲ! 2024ರಲ್ಲಿ ಅಲ್ಲಿ ಗೇಟುಗಳನ್ನು ತೆಗೆದರು, ಟೋಲನ್ನಲ್ಲ. ಕಂಬದ ಮೇಲಿನ ಕ್ಯಾಮೆರಾ ನಿಮ್ಮ ಪ್ಲೇಟ್ ಓದಿರುತ್ತದೆ. 72 ಗಂಟೆಯೊಳಗೆ ಆ ರಸ್ತೆ ನಡೆಸುವ ಸಾನೆಫ್ ಕಂಪನಿಯ ಸೈಟಿನಲ್ಲಿ ನಂಬರ್ ಹಾಕಿ ನೀವೇ ಕಟ್ಟಬೇಕು. ಗಡುವು ಮುಗಿದಿಲ್ಲ ಎಂದರೆ ಇದನ್ನು ಓದುವುದು ಬಿಟ್ಟು ಮೊದಲು ಹೋಗಿ ಕಟ್ಟಿ.