ಎಸ್‌ಎಸ್‌ಎಲ್‌ಸಿ ಆಗಿದೆ, ನಾಲ್ಕು ವರ್ಷ ವೈರಿಂಗ್ ಮಾಡಿದ್ದೇನೆ. ಈಗಲೂ ಐಟಿಐ ಮಾಡಬೇಕಾ?

ನೀವು ಬೇಲೂರು ಕಡೆಯವರು, ವಯಸ್ಸು 23, ಒಬ್ಬ ಮೇಸ್ತ್ರಿ ಜೊತೆ ನಾಲ್ಕು ವರ್ಷದಿಂದ ಮನೆ ವೈರಿಂಗ್ ಮಾಡ್ತಿದ್ದೀರಿ. ಎರಡು ವರ್ಷ ಐಟಿಐಗೆ ಕೊಡಬೇಕಾ, ಪರೀಕ್ಷೆ ಮಾತ್ರ ಕಟ್ಟಿದರೆ ಸಾಕಾ, ಇಲ್ಲಾ ಲೈನ್‌ಮನ್ ಕೆಲಸಕ್ಕೆ ಕಾಯಬೇಕಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಎಲೆಕ್ಟ್ರಿಷಿಯನ್. ನಿಮ್ಮ ಹಾಗೇ ಮೊದಲು ಕೆಲಸ ಕಲಿತು, ಆಮೇಲೆ ಐಟಿಐಗೆ ಹೋದವನು. ಮನೆ ನಡೆಸುವ ಜವಾಬ್ದಾರಿ ಪೂರ್ತಿ ನಿಮ್ಮ ಮೇಲೆ ಇಲ್ಲದಿದ್ದರೆ ಐಟಿಐ ಮಾಡಿ. ಯಾಕೆ ಅಂತ ಹೇಳುತ್ತೇನೆ.

ನೀವು ವೈರಿಂಗ್ ಮಾಡಿದ ಮನೆಗೆ ಮೀಟರ್ ಹಾಕಿಸುವ ದಿನ ನೆನಪಿಸಿಕೊಳ್ಳಿ. ಗೋಡೆ ಕೊರೆದವರು ನೀವು, ಪೈಪ್ ಹಾಕಿ ವೈರ್ ಎಳೆದವರು ನೀವು, ಡಿಬಿ (ಎಲ್ಲಾ ಲೈನ್‌ಗಳ ಸ್ವಿಚ್ ಇರುವ ಪೆಟ್ಟಿಗೆ) ಕೂರಿಸಿದವರೂ ನೀವೇ. ಆದರೆ ಕಂಪ್ಲೀಷನ್ ರಿಪೋರ್ಟ್‌ಗೆ ಸಹಿ ಹಾಕುವವರು ಲೈಸೆನ್ಸ್ ಇರುವ ಕಾಂಟ್ರಾಕ್ಟರ್. ಎಷ್ಟೋ ಸಲ ಅವರು ಆ ಮನೆ ನೋಡಿಯೇ ಇರುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸಕ್ಕೆ ಮಾತ್ರ ಪರ್ಮಿಟ್ ಬೇಡ. ಅದರಾಚೆಗಿನ ಕೆಲಸ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಮೂಲಕವೇ ಆಗಬೇಕು, ಅರ್ಹತೆ ಇರುವ ಸೂಪರ್‌ವೈಸರ್ ನೋಡಿಕೊಳ್ಳಬೇಕು, ಕೈಯಾರೆ ಮಾಡುವವನ ಹತ್ತಿರವೂ ಪರ್ಮಿಟ್ ಇರಬೇಕು. ಅಂದರೆ ಈಗ ನಿಮ್ಮ ಕೆಲಸ ಎಷ್ಟೇ ಚೆನ್ನಾಗಿದ್ದರೂ ಕಾಗದದಲ್ಲಿ ನೀವು ಇಲ್ಲ. ಏನಾದರೂ ಅನಾಹುತ ಆದಾಗ ಮಾತ್ರ ಎಲ್ಲರಿಗೂ ನಿಮ್ಮ ಹೆಸರು ನೆನಪಾಗುತ್ತದೆ.

ಕಾಗದದಲ್ಲಿ ನಿಮ್ಮ ಹೆಸರು ಬರಲು ಮೆಟ್ಟಿಲು ಮೂರು: ಮೊದಲು ವೈರ್‌ಮನ್ ಪರ್ಮಿಟ್, ಆಮೇಲೆ ಸೂಪರ್‌ವೈಸರ್ ಪರ್ಮಿಟ್, ಕೊನೆಗೆ ಕಾಂಟ್ರಾಕ್ಟರ್ ಲೈಸೆನ್ಸ್. ಇವನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ನಮ್ಮ ಕಡೆ ಎಲ್ಲರೂ ಇನ್ನೂ ಕೆಇಬಿ ಅಂತಲೇ ಕರೀತಾರಲ್ಲ, ಆ ಆಫೀಸ್ ಬೇರೆ. ಹಾಸನಕ್ಕೆ ಕರೆಂಟ್ ಕೊಡುವುದು ಸೆಸ್ಕ್, ಪಕ್ಕದ ಚಿಕ್ಕಮಗಳೂರಿಗೆ ಮೆಸ್ಕಾಂ. ಪರ್ಮಿಟ್ ಕೇಳಿಕೊಂಡು ಅಲ್ಲಿಗೆ ಅಲೆಯಬೇಡಿ.

ಇನ್ನು ಐಟಿಐ ವಿಷಯ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ. ವಿಜ್ಞಾನ, ಗಣಿತ ಇರುವ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಸೇರಲು ಕನಿಷ್ಠ ವಯಸ್ಸು 14. 23 ಆಯ್ತು, ಹುಡುಗರ ಜೊತೆ ಕೂರೋದು ಹೇಗೆ ಅಂತ ಸಂಕೋಚ ಬೇಡ. ನಮ್ಮ ಬ್ಯಾಚ್‌ನಲ್ಲಿ 27 ವರ್ಷದವರೊಬ್ಬರು ಇದ್ದರು, ಪ್ರಾಕ್ಟಿಕಲ್‌ನಲ್ಲಿ ಎಲ್ಲರಿಗಿಂತ ಮುಂದೆ ಅವರೇ. ಎಸ್‌ಎಸ್‌ಎಲ್‌ಸಿ ಆಗದ ಗೆಳೆಯರು ನಿಮ್ಮ ಜೊತೆ ಕೆಲಸಕ್ಕೆ ಬರ್ತಿದ್ದರೆ ಅವರಿಗೂ ಹೇಳಿ: ವೈರ್‌ಮನ್ ಟ್ರೇಡ್‌ಗೆ ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು. ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಸರ್ಕಾರಿ ಐಟಿಐ ಇದೆ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಸಮಯದಲ್ಲಿ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಅರ್ಜಿ ಕರೆಯುತ್ತದೆ. ಅದನ್ನು ತಪ್ಪಿಸಿಕೊಂಡರೆ ಒಂದು ವರ್ಷ ಹೋದ ಹಾಗೆ.

ಖಾಸಗಿ ಕಡೆ ಸೇರುವುದಾದರೆ ಕೇಂದ್ರ ಸರ್ಕಾರದ ಮಾನ್ಯತೆ (ಎಲ್ಲರೂ ಎನ್‌ಸಿವಿಟಿ ಅಂತಲೇ ಕರೆಯುವುದು) ಆ ಟ್ರೇಡ್‌ಗೇ ಇದೆಯಾ ಅಂತ ನೋಡಿ. ಕೊನೆಗೆ ಕೈಗೆ ಬರಬೇಕಾದದ್ದು ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್. ನಾನು ಇದನ್ನು ವಿಚಾರಿಸದೆ, ಆರು ತಿಂಗಳ ಎಲೆಕ್ಟ್ರಿಷಿಯನ್ ಕೋರ್ಸ್ ಅಂತ ಒಂದು ಕಡೆ ದುಡ್ಡು ಕಟ್ಟಿದ್ದೆ. ಬಣ್ಣದ ಸರ್ಟಿಫಿಕೇಟ್ ಕೊಟ್ಟರು. ಅಪ್ಪ ಅದಕ್ಕೆ ಫ್ರೇಮ್ ಹಾಕಿಸಿದರು. ಅಪ್ರೆಂಟಿಸ್ ಅರ್ಜಿಗೆ ಹಚ್ಚಲು ಹೋದಾಗ ಅದು ನಡೆಯಲ್ಲ ಅಂದರು. ಆ ಫ್ರೇಮ್ ಗೋಡೆಯಿಂದ ಇಳಿಸುವಾಗ ಆದ ಬೇಜಾರು ಇವತ್ತಿಗೂ ಮರೆತಿಲ್ಲ.

ಕಾಗದದ ಮಾತು ಆಯ್ತು. ಆದರೆ ನನ್ನನ್ನು ನಿಜವಾಗಿ ಬದಲಿಸಿದ್ದು ಬೇರೆಯದು. ಮೇಸ್ತ್ರಿ ನನಗೆ ಒಂದು ಅಭ್ಯಾಸ ಕಲಿಸಿದ್ದರು. ಅರ್ಥ್ ವೈರ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಇಲ್ಲದ ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್‌ನ ಒಳಗೆ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್ ಪಿನ್‌ಗೆ ಒಂದು ತುಂಡು ವೈರ್ ಲಿಂಕ್ ಕೊಡುವುದು. ಟೆಸ್ಟ್ ಲ್ಯಾಂಪ್ ಹಚ್ಚಿದರೆ ಉರಿಯುತ್ತದೆ, ಅರ್ಥ್ ಸರಿ ಇದೆ ಅನ್ನಿಸುತ್ತದೆ. ಐಟಿಐನಲ್ಲಿ ನಮ್ಮ ಮೇಷ್ಟ್ರು ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದರು. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಕಂಬದ ಹತ್ತಿರ ನ್ಯೂಟ್ರಲ್ ಮಾತ್ರ ಕಿತ್ತು ಹೋಯ್ತು ಅಂದುಕೊಳ್ಳಿ. ಮನೆಯಲ್ಲಿ ಒಂದು ಬಲ್ಬ್ ಸ್ವಿಚ್ ಆನ್ ಇದ್ದರೂ ಸಾಕು, 230 ವೋಲ್ಟ್ ಬಲ್ಬ್ ಮೂಲಕ ಹಾದು ನ್ಯೂಟ್ರಲ್‌ಗೆ ಬಂದು, ನಾವು ಕೊಟ್ಟ ಲಿಂಕ್ ಹಿಡಿದು ಫ್ರಿಜ್‌ನ ಮೈಗೆ ಬರುತ್ತದೆ. ಬಲ್ಬ್ ಉರಿಯುವುದೂ ಇಲ್ಲ. ಕರೆಂಟ್ ಹೋಗಿದೆ ಅಂದುಕೊಂಡು ಯಾರೋ ಫ್ರಿಜ್ ಬಾಗಿಲು ಹಿಡಿಯುತ್ತಾರೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಭಾನುವಾರ ಓಡಾಡಿ, ಸಕಲೇಶಪುರ ಕಡೆ ನಾನು ಕೆಲಸ ಮಾಡಿದ್ದ ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲು ಮನೆಗಳು) ಸಾಕೆಟ್ ಬಿಚ್ಚಿ ಲಿಂಕ್ ಕಿತ್ತು ಹಾಕಿದೆ. ಹನ್ನೊಂದು ಮನೆ. ಮೇಸ್ತ್ರಿ ಕೆಟ್ಟವರಲ್ಲ, ಅವರಿಗೂ ಯಾರೂ ಹೇಳಿರಲಿಲ್ಲ. ಇಂಥ ಲಿಂಕ್ ಉಳಿದಿರುವ ಮನೆಗೆ ಈಗ ಅರ್ಥ್ ವೈರ್ ಎಳೆದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಹಾಕಿದರೆ ಮತ್ತೆ ಮತ್ತೆ ಟ್ರಿಪ್ ಆಗುತ್ತದೆ. ಕಾರಣ ಹುಡುಕದೆ ಆರ್‌ಸಿಸಿಬಿಯನ್ನೇ ತೆಗೆದು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಎರಡು ವರ್ಷ ದುಡಿಮೆ ಬಿಡಲು ಆಗಲ್ಲ ಅಂದರೂ ದಾರಿ ಇದೆ. ಕೆಲಸದ ಅನುಭವ ಇರುವವರು ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆಯಬಹುದು. ಅದಕ್ಕೆ ಅನುಭವದ ದಾಖಲೆ ಬೇಕು, ಮೇಸ್ತ್ರಿಯ ಬಾಯಿ ಮಾತು ಸಾಲದು. ಹತ್ತಿರದ ಸರ್ಕಾರಿ ಐಟಿಐನಲ್ಲಿ ಪ್ರಿನ್ಸಿಪಾಲರನ್ನೇ ಕಂಡು ಈ ವರ್ಷದ ನಿಯಮ ಕೇಳಿ. ಕೌಶಲ್ಯ ಯೋಜನೆಯಲ್ಲಿ ಆರ್‌ಪಿಎಲ್ ಅಂತ ಇದೆ, ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ಒಳ್ಳೆಯದೇ, ಆದರೆ ಅದನ್ನು ಐಟಿಐಗೆ ಸಮ ಅಂದುಕೊಳ್ಳಬೇಡಿ.

ಐಟಿಐ ಆದಮೇಲೆ ಒಂದು ವರ್ಷ ಅಪ್ರೆಂಟಿಸ್ ಮಾಡಿ. ಸ್ಟೈಪೆಂಡ್ ಕಡಿಮೆ ಅಂತ ಬಿಡಬೇಡಿ. ಮನೆ ವೈರಿಂಗ್‌ನಲ್ಲಿ ಕಾಣದ ಪ್ಯಾನಲ್, ಮೋಟರ್, ಟ್ರಾನ್ಸ್‌ಫಾರ್ಮರ್ ಅಲ್ಲಿ ಕೈಗೆ ಸಿಗುತ್ತವೆ. ಆಮೇಲೆ ರೈಲ್ವೆ ಇದೆ, ನಮ್ಮ ಹಾಸನದ ಇಸ್ರೋ ಕೇಂದ್ರಕ್ಕೂ ಐಟಿಐ ಆದವರನ್ನು ಟೆಕ್ನೀಷಿಯನ್ ಆಗಿ ತೆಗೆದುಕೊಳ್ಳುತ್ತಾರೆ. ಓದುವ ಮನಸ್ಸಿದ್ದರೆ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು.

ಲೈನ್‌ಮನ್ ಕೆಲಸಕ್ಕೆ ಈಗ ಜೂನಿಯರ್ ಪವರ್‌ಮನ್ ಅಂತಾರೆ. ಅದಕ್ಕೆ ನೋಡುವುದು ಎಸ್‌ಎಸ್‌ಎಲ್‌ಸಿ ಅಂಕ, ಜೊತೆಗೆ ಕಂಬ ಹತ್ತುವ ಪರೀಕ್ಷೆ ಕಡ್ಡಾಯ. ಕರೆದಾಗ ಖಂಡಿತ ಹಾಕಿ, ಆದರೆ ಯಾವಾಗ ಕರೀತಾರೆ ಅಂತ ಕಾಯುತ್ತಾ ಸುಮ್ನೆ ಕೂರಬೇಡಿ.

ಯಾವ ದಾರಿ ಹಿಡಿದರೂ ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಸೈಟ್‌ನ ತಾರೀಕು, ಊರು, ಎಷ್ಟು ಪಾಯಿಂಟ್, ಎಷ್ಟು ಕಿಲೋವ್ಯಾಟ್ ಲೋಡ್, ಅರ್ಥ್ ರೀಡಿಂಗ್ ಎಷ್ಟು ಬಂತು ಅಂತ ಬರೆಯಿರಿ. ಸಹಿ ಹಾಕುವ ಕಾಂಟ್ರಾಕ್ಟರ್ ಹತ್ತಿರ ಅದೇ ಪುಟದ ಕೆಳಗೂ ಒಂದು ಸಹಿ ಕೇಳಿ. ನಾಲ್ಕು ವರ್ಷ ಅವರ ಲೈಸೆನ್ಸ್ ಕೆಳಗೆ ದುಡಿದಿದ್ದೀರಿ, ಅಷ್ಟು ಕೇಳುವ ಹಕ್ಕು ನಿಮಗಿದೆ.